ಮೋಟರ್ ಸುಡೋದು ಬೋರಲ್ಲಲ್ಲ, ಸ್ಟಾರ್ಟರ್ ಡಬ್ಬಿಯಲ್ಲಿ

ಕೋಲಾರದ ಕಡೆ ಬದುಕು ಬದಲಿಸಿದ್ದು ಮೊದಲು ಬೋರ್ ಮೋಟರು, ಮಿಕ್ಕಿದ್ದೆಲ್ಲ ಆಮೇಲೆ. ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲದ ಜಿಲ್ಲೆಯಲ್ಲಿ ಟೊಮೆಟೊ, ಹಿಪ್ಪುನೇರಳೆ, ಸೀಮೆಹಸು ಎಲ್ಲಾ ನಿಂತಿರೋದು ಅದರ ಮೇಲೇ.

ದಡದ ಮೇಲಿಟ್ಟ ಪಂಪು ನೀರೆಳೆಯೋದು ಗಾಳಿಯ ಒತ್ತಡದ ಬಲದಿಂದ. ಲೆಕ್ಕದಲ್ಲಿ 10 ಮೀಟರ್, ತೋಟದಲ್ಲಿ 20–25 ಅಡಿ ದಾಟಿದರೆ ಕೈಕೊಡುತ್ತೆ. ಮೋಟರನ್ನೇ ಮುಳುಗಿಸಿ ನೀರನ್ನು ಕೆಳಗಿಂದ ತಳ್ಳೋ ಉಪಾಯವನ್ನು 1920ರ ದಶಕದಲ್ಲಿ ಅಮೆರಿಕದ ಎಣ್ಣೆ ಬಾವಿಗಳಿಗೆ ತಂದವರು ರಷ್ಯಾದಿಂದ ಹೋದ ಎಂಜಿನಿಯರ್ ಆರ್ಮೈಸ್ ಅರುಟುನಾಫ್. ಸಾವಿರ ಅಡಿ ಬೋರು ಸಾಧ್ಯವಾಗಿದ್ದು ಆ ದಾರಿಯಲ್ಲೇ. ಅಂತರ್ಜಲ ಬರಿದಾಗಿದ್ದೂ ಅದೇ ದಾರಿಯಲ್ಲಿ ಅನ್ನಿ.

ನನ್ನ ತಕರಾರಿರೋದು ಕರೆಂಟ್ ಬಂದ ಕೂಡಲೇ ಮೋಟರನ್ನು ತಾನೇ ಚಾಲೂ ಮಾಡೋ ಆಟೋ ಸ್ವಿಚ್ ಮೇಲೆ. ರಾತ್ರಿ ಹೊಲಕ್ಕೆ ಓಡೋದು ತಪ್ಪಿತು, ನಿಜ. ಆದರೆ ತ್ರೀ ಫೇಸ್ ಕರೆಂಟ್ ಬಂದ ತಕ್ಷಣ ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಅಷ್ಟೂ ಮೋಟರು ಒಟ್ಟಿಗೆ ಏಳುತ್ತವೆ. ಪೂರ್ತಿ ವೋಲ್ಟೇಜನ್ನು ಒಮ್ಮೆಲೇ ಕೊಡೋ ಡೈರೆಕ್ಟ್ ಸ್ಟಾರ್ಟರಿನಲ್ಲಿ ಏಳುವಾಗ ಪ್ರತಿಯೊಂದೂ ಮಾಮೂಲಿಗಿಂತ ಐದಾರು ಪಟ್ಟು ಆಂಪ್ಸ್ ಎಳೆಯುತ್ತೆ. ವೋಲ್ಟೇಜ್ ಕುಸಿದು ಮೋಟರು ಸ್ಪೀಡಿಗೆ ಬರಲಾರದೆ ಒದ್ದಾಡುತ್ತೆ, ಕಾಯಿಲ್ ಕಾದು ಹೋಗುತ್ತೆ. ಅದಕ್ಕೇ ಪ್ರತಿ ಸ್ಟಾರ್ಟರಿಗೂ ಡಿಲೇ ಟೈಮರ್ ಬೇಕು: ನಿಮ್ಮದು ಒಂದು ನಿಮಿಷ, ಪಕ್ಕದವರದ್ದು ಎರಡು, ಆಚೆಯವರದ್ದು ಮೂರು. ಒಬ್ಬರೇ ಹಾಕಿಸಿಕೊಂಡರೆ ಅರ್ಧ ಪ್ರಯೋಜನ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡು ಸುಮಾರು 1.7 ಪಟ್ಟು ಕರೆಂಟ್ ಹೊರಬೇಕು, ಹಾಗಾಗಿ ಫೇಸ್ ಹೋದ ಕೂಡಲೇ ಮೋಟರ್ ನಿಲ್ಲಿಸೋ ಸಿಂಗಲ್ ಫೇಸ್ ಪ್ರಿವೆಂಟರ್ ಕೂಡ ಇರಲೇಬೇಕು. ಅದನ್ನ ಬೈಪಾಸ್ ಮಾಡಿ, ಕಂಡೆನ್ಸರ್ ಕೊಟ್ಟು ಟೂ ಫೇಸಲ್ಲಿ ಓಡಿಸೋರಿಗೆ ರಿವೈಂಡಿಂಗ್ ಅಂಗಡಿಯವರು ದಿನಾ ಕೈಮುಗಿಯಬೇಕು!

ಬೋರು ಬತ್ತಿದಾಗಿನ ಕಥೆಯೇ ಬೇರೆ. ಒಳಗೆ ನೀರು ತುಂಬಿರೋ ಮೋಟರಿಗೆ ಸುತ್ತ ಹರಿಯೋ ನೀರೇ ತಂಪು, ಒಳಗಿನ ನೀರೇ ಬೇರಿಂಗಿಗೆ ಗ್ರೀಸು. ಖಾಲಿ ಓಡಿದರೆ ಭಾರ ಹೊರೋ ಥ್ರಸ್ಟ್ ಬೇರಿಂಗ್ ಸವೆದುಹೋಗುತ್ತೆ. ಓವರ್‌ಲೋಡ್ ರಿಲೇ ಟ್ರಿಪ್ ಆಗಲಿಲ್ಲ ಯಾಕೆ ಅಂತ ಕೇಳ್ತಾರೆ. ಅದು ಬೀಳೋದು ಆಂಪ್ಸ್ ಏರಿದಾಗ. ನೀರಿಲ್ಲದಿದ್ದರೆ ಮೋಟರಿಗೆ ಭಾರವೇ ಇಲ್ಲ, ಆಂಪ್ಸ್ ಇಳಿಯುತ್ತೆ, ರಿಲೇಗೆ ಎಲ್ಲಾ ಸರಿಯಾಗೇ ಕಾಣುತ್ತೆ. ಇಳಿದ ಆಂಪ್ಸ್ ನೋಡಿ ನಿಲ್ಲಿಸೋ ಡ್ರೈ ರನ್ ಗಾರ್ಡ್ ಬೇರೆಯೇ ಇರಬೇಕು. ಬಿಟ್ಟುಬಿಟ್ಟು ನೀರು ಬರೋ ಬೋರಿಗೆ ಮತ್ತೆ ಶುರುವಾಗೋ ಸಮಯವನ್ನು ನೀರು ಊರೋಕೆ ಹಿಡಿಯೋಷ್ಟು ಇಡಿ. ರಿಲೇಯನ್ನು ಮೋಟರ್ ಪ್ಲೇಟಿನ ಮೇಲಿರೋ ಆಂಪ್ಸಿಗೆ ತಿರುಗಿಸಿ. ಪದೇಪದೇ ಬೀಳುತ್ತೆ ಅಂತ ಕೊನೆಯ ಅಂಕಿಗೆ ತಿರುಗಿಸಿದರೆ ರಿಲೇ ಇದ್ದೂ ಇಲ್ಲದಂತೆ.

ಟಿಸಿ ರಿಪೇರಿ ಆದ ಮೇಲೆ ಮೋಟರ್ ಓಡುತ್ತಿದ್ದರೂ ನೀರು ಮೇಲೆ ಬರದಿದ್ದರೆ, ಪೈಪ್ ಎತ್ತಿಸೋ ಮುಂಚೆ ಫೇಸ್ ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿದೆಯಾ ನೋಡಿ. ಲೈನ್ ಆಫ್ ಮಾಡಿ, ಸ್ಟಾರ್ಟರಿನಿಂದ ಮೋಟರಿಗೆ ಹೋಗೋ ಮೂರು ವೈರಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು, ಐದು ನಿಮಿಷದ ಕೆಲಸ.