ಚಕ್ ಬೆರಿಗಿಂತ ಮೊದಲು ಒಬ್ಬ ಹೆಂಗಸಿದ್ದರು

ರಾಕ್ ಅಂಡ್ ರೋಲ್ ಸಂಗೀತದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ರಾಕ್ ಅಂಡ್ ರೋಲ್‌ನಲ್ಲಿ ಗಿಟಾರನ್ನು ಮುಂದೆ ತಂದು ನಿಲ್ಲಿಸಿದ್ದು ಅಮೆರಿಕದ ಗಾಯಕ, ಗಿಟಾರ್ ವಾದಕ ಚಕ್ ಬೆರಿ ಎಂದು ಬರೆದಿದ್ದೀರಲ್ಲ, ಆ ಮಾತು ಒಪ್ಪಲಾಗದು. ಬೆರಿ ದೊಡ್ಡ ಕಲಾವಿದರೇ, ಎರಡು ಮಾತಿಲ್ಲ. ಆದರೆ ಅವರ ಮೊದಲ ರೆಕಾರ್ಡ್ ಹಿಟ್ ಆದದ್ದು 1955ರಲ್ಲಿ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಹುಟ್ಟಿದ ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ ಅದಕ್ಕೂ ಎಷ್ಟೋ ಮೊದಲೇ ಗಿಟಾರ್ ಹೆಗಲಿಗೇರಿಸಿಕೊಂಡು ಚರ್ಚಿನ ಹಾಡುಗಳನ್ನೇ ಕುಣಿಯುವಂತೆ ಹಾಡುತ್ತಿದ್ದರು. 1944ರ ಅವರ ಒಂದು ರೆಕಾರ್ಡಿಂಗನ್ನೇ ರಾಕ್‌ನ ಮೊದಲ ಹಾಡು ಎನ್ನುವವರೂ ಇದ್ದಾರೆ. 1947ರಲ್ಲಿ ಅಮೆರಿಕದ ಮೇಕನ್ ಊರಿನಲ್ಲಿ ಒಬ್ಬ ಹುಡುಗನನ್ನು ತಮ್ಮ ವೇದಿಕೆಗೆ ಕರೆದು ಹಾಡಿಸಿದರು. ಆ ಹುಡುಗನೇ ಮುಂದೆ ರಾಕ್ ತಾರೆಯಾದ ಲಿಟಲ್ ರಿಚರ್ಡ್!

ನಂಬಿಕೆ ಬರದಿದ್ದರೆ 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅವರು ಹಾಡಿದ ವಿಡಿಯೊ ನೋಡಿ. ಮುಚ್ಚಿಹೋದ ರೈಲ್ವೆ ಸ್ಟೇಷನ್ನು, ಒಂದು ಪ್ಲಾಟ್‌ಫಾರಂನಲ್ಲಿ ಜನ, ಎದುರಿನದರಲ್ಲಿ ಥಾರ್ಪ್. ಮೈಮೇಲೆ ದಪ್ಪ ಕೋಟು, ಕೈಯಲ್ಲಿ ಬಿಳಿ ಎಲೆಕ್ಟ್ರಿಕ್ ಗಿಟಾರ್. ಮಳೆ ಬಂದಿದ್ದೇ ತಡ, ಮಳೆಯದೇ ಹಾಡು ಎತ್ತಿಕೊಂಡರು. ನಡುವೆ ಗಿಟಾರ್ ಸೋಲೊ (ಒಂಟಿ ವಾದನ) ನುಡಿಸುವಾಗ ಮುಖದಲ್ಲಿ ಒಂಚೂರೂ ಅಳುಕಿಲ್ಲ.

ರಾಕ್ ಕಲಾವಿದರನ್ನು ಗೌರವಿಸುವ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಬೆರಿಯನ್ನು ಸೇರಿಸಿಕೊಂಡದ್ದು 1986ರ ಮೊದಲ ತಂಡದಲ್ಲೇ. ಥಾರ್ಪ್ 1973ರಲ್ಲೇ ತೀರಿಕೊಂಡಿದ್ದರು, ಅವರ ಸರದಿ ಬಂದದ್ದು 2018ಕ್ಕೆ. ಹೆಂಗಸು, ಅದರಲ್ಲೂ ದೇವರ ಹಾಡು ಹಾಡುವವಳು, ರಾಕ್‌ಗೂ ಇವಳಿಗೂ ಏನು ಸಂಬಂಧ ಅಂದುಕೊಂಡರೋ ಏನೋ. ಇಷ್ಟು ಉದ್ದದ ಲೇಖನದಲ್ಲೂ ಅವರ ಹೆಸರಿಗೆ ಒಂದು ಸಾಲು ಸಿಗಲಿಲ್ಲ ಅಂದರೆ ಬೇಜಾರಾಗುತ್ತದೆ, ಅಲ್ವಾ?