ಗಂಡನ ಹೆಸರು ಹಿಡಿದು ಹೊರಟರೆ ಜೇನ್ ಸಿಗುವುದಿಲ್ಲ

ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಪಯೋನಿಯರ್ ಹೆಂಗಸೊಬ್ಬಳ ಬದುಕು ಹುಡುಕಲು ಕೂತವರು ಮೊದಲು ಮಾಡುವ ಕೆಲಸ ಇದು: ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣ ತೆರೆದು, ಯಾರೋ ಕಟ್ಟಿಟ್ಟ ವಂಶವೃಕ್ಷದಲ್ಲಿ ಗಂಡನನ್ನು ಹುಡುಕಿ, ಅವನ ಪಕ್ಕದ ಚೌಕದಲ್ಲಿ ಆಕೆಯ ಹೆಸರು ಕಂಡ ಕೂಡಲೇ 'ಸಿಕ್ಕಳು' ಅನ್ನುವುದು. ಸಿಕ್ಕಿರುವುದಿಲ್ಲ. ಆ ಚೌಕದಲ್ಲಿರುವುದು ಗಂಡನ ಕಥೆಗೆ ಒಂದು ಅಡಿಟಿಪ್ಪಣಿ, ಅಷ್ಟೇ.

1847ರಿಂದ 1869ರಲ್ಲಿ ರೈಲು ಬರುವವರೆಗೆ ಎತ್ತಿನ ಗಾಡಿಯಲ್ಲೋ, ಕೈಗಾಡಿ ಎಳೆದುಕೊಂಡೋ ಯೂಟಾ ಸೇರಿದವರನ್ನು ಪಯೋನಿಯರ್ ಅನ್ನುತ್ತಾರೆ. ಇವರ ಬಗ್ಗೆ ರಾಶಿ ಕಾಗದ ಉಳಿದಿದೆ. ಅದರಲ್ಲಿ ಧರ್ಮದ ಪಾಲು ದೊಡ್ಡದು. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡಬಹುದು ಎಂದು ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1840ರಲ್ಲಿ ಬೋಧಿಸಿದ. ಆ ವಿಧಿಗೆ ಹೆಸರು, ಊರು, ತಾರೀಖು ಬೇಕು. 1894ರಲ್ಲಿ ವಂಶಾವಳಿ ಸಂಘವೇ ಹುಟ್ಟಿತು, ಇಂದಿನ ಫ್ಯಾಮಿಲಿಸರ್ಚ್ ಅದರ ಮುಂದುವರಿಕೆ. ವಿಧಿಗೆ ಬೇಕಾದ್ದನ್ನು ಬರೆದಿಟ್ಟರು, ಬದುಕಿಗೆ ಸಂಬಂಧಿಸಿದ್ದನ್ನು ಬಿಟ್ಟರು. ಪ್ರತಿ ದಾಖಲೆಯನ್ನೂ ಇದನ್ನು ಯಾಕೆ ಬರೆದರು ಎಂದು ಕೇಳಿಕೊಂಡೇ ಓದಬೇಕು ಅನ್ನುವುದು ಅದಕ್ಕೇ.

ಜೇನ್ ಮ್ಯಾನಿಂಗ್ ಜೇಮ್ಸ್ ಉದಾಹರಣೆ ನೋಡಿ. ಕನೆಕ್ಟಿಕಟ್‌ನ ವಿಲ್ಟನ್‌ನಲ್ಲಿ ಹುಟ್ಟಿದ, ಗುಲಾಮಳಲ್ಲದ ಕಪ್ಪು ಹೆಣ್ಣುಮಗಳು. 1843ರಲ್ಲಿ ಮನೆಮಂದಿಯೊಂದಿಗೆ ಆಗ ಮಾರ್ಮನ್ನರು ನೆಲೆಸಿದ್ದ ನಾವೂ (Nauvoo) ಪಟ್ಟಣಕ್ಕೆ ಹೊರಟಾಗ ಬಫಲೋ ಊರಿನಲ್ಲಿ ದೋಣಿಗೆ ಹತ್ತಿಸಿಕೊಳ್ಳಲಿಲ್ಲ, ಸುಮಾರು 800 ಮೈಲಿ ನಡೆದರು. ಜೋಸೆಫ್ ಸ್ಮಿತ್ ಮನೆಯಲ್ಲಿ ಕೆಲಸಕ್ಕಿದ್ದಳು. ಐಸಾಕ್ ಜೇಮ್ಸ್‌ನನ್ನು ಮದುವೆಯಾಗಿ 1847ರ ಸೆಪ್ಟೆಂಬರ್‌ನಲ್ಲಿ ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಬಂದಳು. ತೀರಿಕೊಂಡದ್ದು 1908ರ ಏಪ್ರಿಲ್‌ನಲ್ಲಿ.

ಸಾವಿನಿಂದ ಹಿಂದಕ್ಕೆ ಹೋಗಿ. 1908 ಎಂದರೆ ಯೂಟಾದಲ್ಲಿ ರಾಜ್ಯಮಟ್ಟದ ಮರಣಪತ್ರ ಬಂದಾಗಿತ್ತು. ಆದರೆ ಮರಣಪತ್ರದಲ್ಲಿ ಹುಟ್ಟಿದ ವರ್ಷ, ತಂದೆತಾಯಿ ಹೆಸರು ಹೇಳುವವರು ಬೇರೆ ಯಾರೋ. ಮಾಹಿತಿ ಕೊಟ್ಟವರು ಯಾರೆಂಬ ಸಾಲನ್ನು ಮೊದಲು ಓದಿ. ಜೇನ್ ಹುಟ್ಟಿದ ವರ್ಷ ಒಂದೊಂದು ಕಡೆ ಒಂದೊಂದು, ಹೆಚ್ಚುಕಡಿಮೆ ಹತ್ತು ವರ್ಷದ ಅಂತರ. ಸರಾಸರಿ ತೆಗೆಯಬೇಡಿ, ಒಂದನ್ನು ಆರಿಸಿ ಉಳಿದದ್ದನ್ನು ಅಳಿಸಬೇಡಿ. ಎಲ್ಲ ವರ್ಷಗಳನ್ನೂ ಯಾವುದು ಎಲ್ಲಿಂದ ಬಂತು ಎಂಬುದರ ಸಮೇತ ಬರೆದಿಡಿ.

ಆಮೇಲೆ ಜನಗಣತಿ. 1900ರದ್ದು ಹೆಂಗಸರ ಮಟ್ಟಿಗೆ ಚಿನ್ನ. ಹುಟ್ಟಿದ ತಿಂಗಳು, ಮದುವೆಯಾಗಿ ಎಷ್ಟು ವರ್ಷ, ಹೆತ್ತದ್ದೆಷ್ಟು, ಬದುಕಿರುವುದೆಷ್ಟು, ಎಲ್ಲ ಕೇಳಿದ್ದಾರೆ. 1890ರದ್ದು ಬೆಂಕಿಗೆ ಹೋಗಿದೆ, ಅದಕ್ಕಾಗಿ ಪರದಾಡಬೇಡಿ. ಮನೆಯ ಯಜಮಾನನಿಗೆ ಏನಾಗಬೇಕು ಎಂಬ ಅಂಕಣ ಶುರುವಾಗಿದ್ದು 1880ರಲ್ಲಿ. ಅದಕ್ಕೂ ಮುಂಚಿನ ಪಟ್ಟಿಯಲ್ಲಿ ಒಂದೇ ಮನೆಯಲ್ಲಿ ಮೂವರು ಹೆಂಗಸರು ಕಂಡರೆ ಹೆಂಡತಿಯರೋ (ಮಾರ್ಮನ್ನರಲ್ಲಿ ಬಹುಪತ್ನಿತ್ವವಿದ್ದ ಕಾಲ ಅದು) ತಂಗಿಯರೋ ಕೆಲಸದವರೋ ನೀವೇ ಊಹಿಸಬೇಕು. ಯೂಟಾದ 1850ರ ಗಣತಿ ನಿಜವಾಗಿ ನಡೆದದ್ದು 1851ರಲ್ಲಿ, ವಯಸ್ಸು ಲೆಕ್ಕ ಹಾಕುವಾಗ ಎಡವುವುದು ಇಲ್ಲೇ. ಇನ್ನು 1856ರ ಪ್ರಾಂತೀಯ ಗಣತಿ! ರಾಜ್ಯದ ಸ್ಥಾನಮಾನ ಕೇಳಲು ಜನಸಂಖ್ಯೆ ದೊಡ್ಡದಾಗಿ ಕಾಣಬೇಕಿತ್ತು, ಹಾಗಾಗಿ ಸತ್ತವರು, ಊರಲ್ಲೇ ಇಲ್ಲದವರು ಎಲ್ಲ ಅದರಲ್ಲಿದ್ದಾರೆ. ಅದೊಂದನ್ನೇ ನಂಬಿ 'ಆಗ ಯೂಟಾದಲ್ಲಿದ್ದಳು' ಎಂದು ಬರೆದರೆ ಕೆಟ್ಟಿರಿ.

ಪ್ರಯಾಣಕ್ಕೆ ಚರ್ಚ್‌ನ ಇತಿಹಾಸ ವಿಭಾಗದ ಜೀವನಚರಿತ್ರೆ ಡೇಟಾಬೇಸ್ ಇದೆ, ತಂಡವಾರು ಪಟ್ಟಿ ಸಿಗುತ್ತದೆ. ತಂಡಗಳನ್ನು ನೂರು, ಐವತ್ತು, ಹತ್ತರ ಲೆಕ್ಕದಲ್ಲಿ ಕಟ್ಟಿದ್ದರು, ಒಂದೊಂದಕ್ಕೂ ಒಬ್ಬ ಕ್ಯಾಪ್ಟನ್. ಜೇನ್‌ಳ ತಂಡ ಒಂದು ಕಡೆ ಡೇನಿಯಲ್ ಸ್ಪೆನ್ಸರ್ ಹೆಸರಲ್ಲಿ, ಇನ್ನೊಂದು ಕಡೆ ಐರಾ ಎಲ್ಡ್ರೆಜ್ ಹೆಸರಲ್ಲಿ ಕಂಡರೆ ಆಕೆ ಎರಡು ಸಲ ಬಂದಳು ಎಂದಲ್ಲ.

ದೀಕ್ಷಾಸ್ನಾನದ ತಾರೀಖೂ ಹೀಗೇ. ಕಣಿವೆ ತಲುಪಿದ ಮೇಲೆ ಅನೇಕರು ಮತ್ತೆ ದೀಕ್ಷಾಸ್ನಾನ ಮಾಡಿದರು, 1856-57ರಲ್ಲಿ ಚರ್ಚ್‌ನೊಳಗೆ ಎದ್ದ ಸುಧಾರಣೆಯ ಅಲೆಯಲ್ಲಿ ಇನ್ನೊಮ್ಮೆ. ವಾರ್ಡ್ (ಚರ್ಚ್‌ನ ಸ್ಥಳೀಯ ಸಭೆ) ಪುಸ್ತಕದಲ್ಲಿರುವುದು ಬಹುಪಾಲು ಪುನರ್ದೀಕ್ಷೆಯ ದಿನ. ಅದನ್ನೇ ಮತಾಂತರದ ದಿನ ಎಂದುಕೊಂಡರೆ ಆಕೆಯ ಬದುಕಿನ ಹತ್ತು ವರ್ಷ ನುಂಗಿಹೋಗುತ್ತದೆ.

ಹೆಸರನ್ನಂತೂ ಒಂದೇ ಎಂದುಕೊಳ್ಳಬೇಡಿ. ಐಸಾಕ್ 1870ರ ಸುಮಾರಿಗೆ ಬಿಟ್ಟುಹೋದ. ಆಮೇಲೆ ಜೇನ್ ಫ್ರ್ಯಾಂಕ್ ಪರ್ಕಿನ್ಸ್ ಎಂಬವನನ್ನು ಮದುವೆಯಾದಳು, ಅದೂ ಬಹಳ ಕಾಲ ನಿಲ್ಲಲಿಲ್ಲ. ಆ ಕಾಲದ ಪುಟಗಳಲ್ಲಿ ಆಕೆ ಜೇನ್ ಪರ್ಕಿನ್ಸ್. 'ಜೇಮ್ಸ್' ಎಂದಷ್ಟೇ ಹುಡುಕುವವರಿಗೆ ಆ ಭಾಗವೇ ಖಾಲಿ. ಯೂಟಾದಲ್ಲಿ 1887ಕ್ಕೆ ಮುಂಚೆ ಸರ್ಕಾರಿ ವಿವಾಹ ನೋಂದಣಿ ಇಲ್ಲದ್ದರಿಂದ ಇಂಥ ಮದುವೆಗಳಿಗೆ ಬೇರೆ ದಾಖಲೆಗಳ ಮೊರೆ ಹೋಗದೆ ಗತಿಯಿಲ್ಲ.

ಎಲ್ಲಕ್ಕಿಂತ ದೊಡ್ಡ ಗುಂಡಿ ಸೀಲಿಂಗ್. ಮಾರ್ಮನ್ನರ ದೇವಾಲಯದಲ್ಲಿ ಇಬ್ಬರನ್ನು ಶಾಶ್ವತವಾಗಿ ಬೆಸೆಯುವ ವಿಧಿ ಅದು. ಒಬ್ಬರ ಹೆಸರಿನ ಮುಂದೆ ಸೀಲಿಂಗ್ ಎಂದು ಕಂಡರೆ ಮದುವೆ ಎಂದು ಓದಿಬಿಡುತ್ತಾರೆ. ಸಂಸಾರವೇ ಮಾಡದವರ ನಡುವೆ, ಸತ್ತವರ ಜೊತೆ ಕೂಡ ಸೀಲಿಂಗ್ ಆಗಿದೆ. ಜೇನ್ ದೇವಾಲಯದ ವಿಧಿಗಳಿಗಾಗಿ ವರ್ಷಗಟ್ಟಲೆ ಅರ್ಜಿ ಹಾಕಿದಳು, 1884ರಲ್ಲಿ ಚರ್ಚ್ ಅಧ್ಯಕ್ಷ ಜಾನ್ ಟೇಲರ್‌ಗೂ ಪತ್ರ ಹೋಯಿತು. ಕಪ್ಪು ಜನರಿಗೆ ಆ ಬಾಗಿಲು ಮುಚ್ಚಿತ್ತು. ಕೊನೆಗೆ 1894ರ ಮೇ 18ರಂದು, ಐವತ್ತು ವರ್ಷ ಹಿಂದೆ ಸತ್ತಿದ್ದ ಜೋಸೆಫ್ ಸ್ಮಿತ್‌ಗೆ ಆಕೆಯನ್ನು 'ಸೇವಕಿ'ಯಾಗಿ ಬೆಸೆದರು. ಬದುಕಿದ್ದ ಜೇನ್‌ಳನ್ನು ಒಳಗೆ ಬಿಡಲಿಲ್ಲ, ಆಕೆಯ ಬದಲಿಗೆ ಬಾತ್‌ಶೀಬಾ ಸ್ಮಿತ್ ಎಂಬಾಕೆ ನಿಂತಳು. ಸೂಚಿಯ ಒಂದು ಸಾಲು ನೋಡಿ ಜೋಸೆಫ್ ಸ್ಮಿತ್‌ನ ಹೆಂಡತಿ ಎಂದು ಬರೆಯುವುದೂ ತಪ್ಪು, ಬರೀ ಗೌರವ ಎಂದು ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಆತ್ಮಕಥೆ ಇದೆಯಲ್ಲ ಎನ್ನಬಹುದು. ಇದೆ. ಎಲಿಜಬೆತ್ ರೌಂಡಿ ಎಂಬಾಕೆಗೆ ಹೇಳಿ ಬರೆಸಿದ್ದು, ತನ್ನ ಅಂತ್ಯಕ್ರಿಯೆಯಲ್ಲಿ ಓದಲೆಂದು. ಸಭೆಯ ಮುಂದೆ ಓದುವ ಮಾತಿನಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಯೋಚಿಸಿ. ನಾವೂಗೆ ನಡೆದದ್ದು, ಹೆಜ್ಜೆಗೆ ರಕ್ತ ಮೂಡಿದ್ದು ವಿವರವಾಗಿದೆ. ಮೊದಲ ಮಗ ಸಿಲ್ವೆಸ್ಟರ್‌ನ ತಂದೆ ಯಾರೆಂಬುದು ಇಲ್ಲ.

ಆ ಖಾಲಿ ಜಾಗ ತುಂಬಲು ಒಳ್ಳೆಯ ದಾರಿ ಬೇರೆ ಹೆಂಗಸರ ದಿನಚರಿ. 1849ರ ವಸಂತದಲ್ಲಿ ಎಲೈಜಾ ಪಾರ್ಟ್ರಿಜ್ ಲೈಮನ್‌ಳ ಗಂಡ ಕ್ಯಾಲಿಫೋರ್ನಿಯಾಕ್ಕೆ ಹೊರಟ, ಮನೆಯಲ್ಲಿ ಹಿಟ್ಟಿಲ್ಲ. ಜೇನ್ ಜೇಮ್ಸ್ ಎರಡು ಪೌಂಡ್ ಹಿಟ್ಟು ಕೊಟ್ಟಳು, ಅದು ಆಕೆಯ ಬಳಿ ಇದ್ದದ್ದರ ಸುಮಾರು ಅರ್ಧ ಎಂದು ಎಲೈಜಾ ಬರೆದಿದ್ದಾಳೆ. ಎರಡು ಪೌಂಡ್ ಎಂದರೆ ಒಂದು ಕಿಲೋಗೂ ಕಡಿಮೆ. ಆ ವರ್ಷ ಜೇಮ್ಸ್ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಎಷ್ಟಿತ್ತು ಎಂಬ ಲೆಕ್ಕ ಯಾವ ಗಣತಿಯೂ ಕೊಡುವುದಿಲ್ಲ. ಆದ್ದರಿಂದ ನಿಮ್ಮ ಹೆಂಗಸಿನ ವಾರ್ಡ್ ಯಾವುದು, ತಂಡ ಯಾವುದು, ನೆರೆಹೊರೆಯಲ್ಲಿ ಬರೆಯಬಲ್ಲವರು ಯಾರಿದ್ದರು ಎಂದು ಪಟ್ಟಿ ಮಾಡಿ. ಸೂಲಗಿತ್ತಿ ಪ್ಯಾಟಿ ಸೆಷನ್ಸ್‌ಳ ದಿನಚರಿಯಲ್ಲಿ ಸಾಲುಸಾಲು ಬಾಣಂತಿಯರಿದ್ದಾರೆ, ಹಲವರು ಬರೀ 'ಸಿಸ್ಟರ್ ಇಂಥವರು'. 1872ರಿಂದ 1914ರವರೆಗೆ ನಡೆದ ವುಮನ್ಸ್ ಎಕ್ಸ್‌ಪೊನೆಂಟ್ ಪತ್ರಿಕೆಯನ್ನೂ ಬಿಡಬೇಡಿ. ಹುಡುಕಾಟದಲ್ಲಿ ಆಕೆಯ ಹೆಸರು, ತವರಿನ ಅಡ್ಡಹೆಸರು, 'ಮಿಸೆಸ್' ಜೊತೆ ಗಂಡನ ಹೆಸರು, ಮೂರನ್ನೂ ಹಾಕಿ.

ಕಪ್ಪು ಮಾರ್ಮನ್ನರ ಬಗ್ಗೆಯಾದರೆ ಯೂಟಾ ವಿಶ್ವವಿದ್ಯಾಲಯದ 'ಸೆಂಚುರಿ ಆಫ್ ಬ್ಲ್ಯಾಕ್ ಮಾರ್ಮನ್ಸ್' ತಾಣದಲ್ಲಿ ಮೂಲ ದಾಖಲೆಗಳ ಚಿತ್ರಗಳೇ ಇವೆ. ಫ್ಯಾಮಿಲಿಸರ್ಚ್ ಖಾತೆಗೂ ದುಡ್ಡಿಲ್ಲ, ಬೆಂಗಳೂರಲ್ಲಿ ಕೂತೂ ನೋಡಬಹುದು. ಆದರೆ ದೇವಾಲಯ ವಿಧಿಗಳ ಮಾಹಿತಿ ಸದಸ್ಯರಲ್ಲದವರಿಗೆ ಅಲ್ಲಿ ಕಾಣುವುದಿಲ್ಲ. ನೂರು ವರ್ಷ ದಾಟಿದ ದಾಖಲೆಗೂ ಈ ಬೀಗ ಯಾಕೆ ಎಂಬುದು ನನ್ನ ತಕರಾರು. ಸದ್ಯಕ್ಕೆ ಸಂಶೋಧಕರು ಪ್ರಕಟಿಸಿದ ಪ್ರತಿಗಳು, ವಾರ್ಡ್ ಪುಸ್ತಕ, ಪತ್ರಿಕೆ ಇಷ್ಟರಲ್ಲೇ ಕೆಲಸ ಸಾಗಿಸಬೇಕು.