ಹಬ್‌ನೊಳಗಿನ ಗೇರಿಗೆ ನನ್ನ ಮತ

ಗೇರಿನ ಸೈಕಲ್ ಎಂದೊಡನೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಹಿಂದಿನ ಚಕ್ರದ ಪಕ್ಕ ಜೋತಾಡುವ ಡಿರೇಲರ್. ನಾನೂ ಬೆಂಗಳೂರಿನಲ್ಲಿ ಆರು ವರ್ಷ ಅಂಥದ್ದರಲ್ಲೇ ಕಚೇರಿಗೆ ಹೋಗಿಬಂದೆ. ಕಳೆದ ಎರಡು ಮಳೆಗಾಲಗಳಿಂದ ಮಾತ್ರ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ (ಗೇರುಗಳನ್ನು ಒಳಗೇ ಅಡಗಿಸಿಕೊಂಡ ಹಿಂದಿನ ಚಕ್ರದ ನಡುಭಾಗ) ಇರುವ ಹಳೆಯ ಸೈಕಲ್ ತುಳಿಯುತ್ತಿದ್ದೇನೆ; ಊರೊಳಗಿನ ದಿನನಿತ್ಯದ ಓಡಾಟಕ್ಕೆ ಇದೇ ಮೇಲೆಂದು ನನಗೆ ಖಾತ್ರಿಯಾಗಿದೆ.

ಮುಖ್ಯ ಕಾರಣ ನಮ್ಮ ಸಿಗ್ನಲ್‌ಗಳು. ಡಿರೇಲರ್ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸಬೇಕಾದರೆ ಪೆಡಲು ತಿರುಗುತ್ತಲೇ ಇರಬೇಕು. ಮುಂದಿನ ಆಟೋ ಗಕ್ಕನೆ ನಿಂತಾಗ ಭಾರದ ಗೇರಿನಲ್ಲೇ ಸಿಕ್ಕಿಕೊಂಡು, ಹಸಿರು ಬಿದ್ದ ಮೇಲೆ ಸೀಟಿನಿಂದೆದ್ದು ತಿಣುಕಿದ್ದು ಎಷ್ಟು ಸಲವೋ! ಹಬ್‌ನಲ್ಲಾದರೆ ನಿಂತಲ್ಲೇ ಗೇರ್ ಇಳಿಸಬಹುದು. 1936ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಈ ಹಬ್‌ನ ಎಡಬ್ಲ್ಯೂ (AW) ಮಾದರಿಯೊಳಗೆ, 20 ಹಲ್ಲಿನ ಸ್ಥಿರ ಚಕ್ರವೊಂದರ ಸುತ್ತ ನಾಲ್ಕು ಪುಟ್ಟ ಚಕ್ರಗಳು ಗ್ರಹಗಳ ಹಾಗೆ ಸುತ್ತುತ್ತವೆ, ಅವುಗಳ ಹೊರಗೆ 60 ಹಲ್ಲಿನ ಬಳೆಯಿದೆ. ಗೇರ್ ಬದಲಾಗುವುದು ಇವುಗಳ ನಡುವೆಯೇ ಆದ್ದರಿಂದ ಚೈನು ಒಂದೇ ನೇರದಲ್ಲಿ ಇರುತ್ತದೆ. ಆದ್ದರಿಂದಲೇ ಅದಕ್ಕೆ ಪೂರ್ತಿ ಚೈನ್ ಕವರ್ ಹಾಕಿ ಕೆಸರಿನಿಂದ ಕಾಪಾಡುವುದು ಸುಲಭ. ಪಾರ್ಕಿಂಗ್‌ನಲ್ಲಿ ಯಾರದೋ ಸ್ಕೂಟರ್ ತಾಗಿ ಬಲಮಗ್ಗುಲಿಗೆ ಬಿದ್ದ ನನ್ನ ಡಿರೇಲರ್ ಸೈಕಲ್ಲಿನ ಹ್ಯಾಂಗರ್ (ಡಿರೇಲರನ್ನು ಹಿಡಿದಿಡುವ ಲೋಹದ ಕೊಂಡಿ) ಬಾಗಿ, ಮರುದಿನ ಡಿರೇಲರ್ ಸ್ಪೋಕ್‌ಗಳೊಳಗೆ ನುಗ್ಗಿದ್ದನ್ನು ನಾನಿನ್ನೂ ಮರೆತಿಲ್ಲ.

ಹಾಗೆಂದು ನಂದಿ ಬೆಟ್ಟಕ್ಕೆ ಇದನ್ನು ಒಯ್ಯುವ ಸಾಹಸ ಮಾಡಲಾರೆ. ಹಬ್ ಭಾರ, ಒಳಗಿನ ಘರ್ಷಣೆಯಲ್ಲಿ ತುಸು ಶಕ್ತಿಯೂ ಸೋರುತ್ತದೆ. ಚಕ್ರವನ್ನು ನೇರವಾಗಿ ತಿರುಗಿಸುವ ಎರಡನೆಯ ಗೇರನ್ನು ನೂರೆಂದರೆ ಮೊದಲ ಗೇರು ಶೇ. 75, ಮೂರನೆಯದು ಶೇ. 133, ಏರಿಗೆ ಈ ಅಂತರ ಏತಕ್ಕೂ ಸಾಲದು. ಜರ್ಮನಿಯ ರೋಲಾಫ್ ಹಬ್‌ನ 14 ಗೇರುಗಳು ಶೇ. 526ರಷ್ಟು ವ್ಯಾಪ್ತಿ ಕೊಡುತ್ತವೆ (ಅತಿ ದೊಡ್ಡ ಗೇರು ಅತಿ ಚಿಕ್ಕದರ 5.26 ಪಟ್ಟು), ನಿಜ. ಆ ದುಡ್ಡಿಗೆ ಒಳ್ಳೆಯ ಸೈಕಲ್ಲೇ ಬರುತ್ತದೆ. ಭಾನುವಾರದ ಬೆಟ್ಟಕ್ಕೆ ಡಿರೇಲರ್ ಸೈಕಲ್ಲೇ ಗತಿ.

ಹಬ್‌ನ ದೊಡ್ಡ ತಾಪತ್ರಯವೆಂದರೆ ಹಿಂದಿನ ಚಕ್ರದ ಪಂಕ್ಚರ್. ಆಕ್ಸಲ್‌ನೊಳಗಿಂದ (ಚಕ್ರದ ಅಚ್ಚಿನೊಳಗಿಂದ) ಹೊರಬರುವ, ಗೇರ್ ಬದಲಿಸುವ ಪುಟಾಣಿ ಸರಪಳಿಯನ್ನು ಕೇಬಲ್‌ನಿಂದ ಬಿಡಿಸಿ ಚಕ್ರ ಕಳಚಬೇಕು. ಮತ್ತೆ ಕೂಡಿಸುವಾಗ ಎರಡನೆಯ ಗೇರಿನಲ್ಲಿಟ್ಟು, ಬಲಗಡೆಯ ನಟ್ಟಿನ ಕಿಂಡಿಯಲ್ಲಿ ಇಣುಕಿ, ಸರಪಳಿಯ ಬುಡದ ಕಡ್ಡಿ ಆಕ್ಸಲ್ ತುದಿಗೆ ಸಮನಾಗುವಷ್ಟು ಕೇಬಲ್ ಬಿಗಿಯಬೇಕು. ಸ್ವಲ್ಪ ತಪ್ಪಿದರೂ ಎರಡು ಮತ್ತು ಮೂರರ ನಡುವೆ ಪೆಡಲು ಖಾಲಿ ತಿರುಗಿ ಕಾಲು ಜಾರುತ್ತದೆ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಈಗ ಟ್ಯೂಬನ್ನಷ್ಟೇ ನೋಡಿಕೊಂಡು, ಕಿಂಡಿಯ ಕೆಲಸವನ್ನು ನನಗೇ ಬಿಟ್ಟುಬಿಡುತ್ತಾರೆ.